ತಿರುವಿನ ಬೋರ್ಡಿನ ಮನೆಗಳು

ಜನವರಿ 11, ಭಾನುವಾರ

ನಾನು ಕಟ್ಟಿದ ಮನೆಗಳನ್ನು ನನ್ನನ್ನು ಒಂದು ಮಾತೂ ಕೇಳದೆ ಕಿತ್ತುಹಾಕಿದ್ದಾರೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಬರೆದಿಡುತ್ತೇನೆ. ಬರೆಯದೇ ಬಿಟ್ಟರೆ ಹಾಗೊಂದು ನಡೆದೇ ಇಲ್ಲವೆಂದು ನಾಳೆ ಹೇಳುತ್ತಾರೆ. ನಮ್ಮ ಮಾದರಿ ರೈಲು ಸಂಘದಲ್ಲಿ ಒಂದು ಕಟ್ಟುಪಾಡಿದೆ. ಒಬ್ಬೊಬ್ಬ ಸದಸ್ಯರೂ ಒಂದೊಂದು ಮರದ ಬೋರ್ಡು ಮಾಡಿ, ಅದರ ಮೇಲೆ ಹಳಿ ಹಾಸಿ, ತಮಗೆ ಬೇಕಾದ ಜಾಗವನ್ನು ಕಟ್ಟಬೇಕು. ಪ್ರದರ್ಶನದ ದಿನ ಎಲ್ಲ ಬೋರ್ಡುಗಳನ್ನೂ ಬೋಲ್ಟು ಹಾಕಿ ಸೇರಿಸಿದರೆ ಹಳಿ ಒಂದು ಸುತ್ತು ಬಂದು ಕೂಡಿಕೊಳ್ಳುತ್ತದೆ. ಆಗ ರೈಲು ಓಡುತ್ತದೆ. ಒಬ್ಬರ ಬೋರ್ಡನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಒಂದು ಲೈಟು ಕಂಬ ವಾಲಿದ್ದರೂ ಅದನ್ನು ಮಾಡಿದವರನ್ನು ಕರೆದೇ ನೆಟ್ಟಗೆ ಮಾಡಬೇಕು.

ನನ್ನದು ತಿರುವಿನ ಬೋರ್ಡು. ಚಾಮರಾಜನಗರದ ಲೈನು, ಗೇಟು, ಗೇಟು ದಾಟಿದರೆ ಹಳಿಯ ಪಕ್ಕ ಶೀಟು ಮನೆಗಳ ಒಂದು ಸಾಲು. ರಟ್ಟಿನ ಗೋಡೆ. ಮಾತ್ರೆಯ ಪಟ್ಟಿಯ ಬೆಳ್ಳಿ ಹಾಳೆಯನ್ನು ಪೆನ್ನಿನ ಹಿಂಬದಿಯಿಂದ ಗೀರಿ ಶೀಟು ಮಾಡಿದ್ದೆ. ನೀಲಿ ಡ್ರಮ್ಮು, ಬಟ್ಟೆ ಒಣಹಾಕುವ ತಂತಿ, ಎಲ್ಲ ಇತ್ತು.

ಇವತ್ತು ಗೋಕುಲಂನಲ್ಲಿ ಕಾರ್ಯದರ್ಶಿ ಲಕ್ಷ್ಮೀನರಸಿಂಹ ಅವರ ಮನೆಯ, ನಮ್ಮ ಬೋರ್ಡುಗಳನ್ನೆಲ್ಲ ಇಟ್ಟಿರುವ ಮಹಡಿ ಹತ್ತಿ ನೋಡಿದರೆ ಸಾಲಿನ ಜಾಗದಲ್ಲಿ ಹಸಿರು ಪುಡಿಯ ಹುಲ್ಲು, ಬಿಳಿ ಕಾಂಪೌಂಡು, ಹೂಬಿಟ್ಟ ಗಿಡಗಳು.

“ಹೇಗಿದೆ ಹೇಳಮ್ಮಾ? ಈಗ ಕಣ್ಣಿಗೆ ತಂಪು,” ಅಂದರು.

“ಸಾರ್, ಮನೆಗಳು...”

“ಆ ಶೀಟು ಮನೆಗಳಾ? ಪ್ರದರ್ಶನದ ಉದ್ಘಾಟನೆಗೆ ಬರೋರು ಅಪಾರ್ಟ್‌ಮೆಂಟ್ ಕಟ್ಸೋರು ಕಣಮ್ಮ. ಛತ್ರದ ಬಾಡಿಗೆ ಅವರೇ ಕೊಡ್ತಿರೋದು. ಅವರ ಮೂಗಿನ ಕೆಳಗೆ ಸ್ಲಮ್ಮು ಇಡೋಕಾಗತ್ತಾ? ನಿನ್ನ ಕೈಕೆಲಸಕ್ಕೆ ನಾನೇನೂ ಹೇಳ್ತಿಲ್ಲ, ಬಹಳ ಚೆನ್ನಾಗಿದೆ. ಶೂ ಡಬ್ಬದಲ್ಲಿ ಹಾಕಿಟ್ಟಿದೀನಿ, ಹೋಗ್ತಾ ತಗೊಂಡ್ಹೋಗು.”

ನಾನು “ಪರವಾಗಿಲ್ಲ ಸಾರ್” ಅಂದೆ.

ಪರವಾಗಿಲ್ಲ! ಪುರಭವನದ ಮುಂದೆ ಸಿಕ್ಕ ಕರಪತ್ರಗಳನ್ನೆಲ್ಲ ಓದಿ ಕೆಂಪು ಪೆನ್ನಲ್ಲಿ ಗೆರೆ ಎಳೆದವಳು ನಾನು. ತುಳಿತಕ್ಕೆ ಮೌನವೇ ಮೊದಲ ಸಹಾಯಕ ಎಂಬ ಸಾಲಿಗೆ ಎರಡು ಸಲ ಗೆರೆ ಎಳೆದಿದ್ದೇನೆ. ಬಾಯಿ ಬಿಟ್ಟಾಗ ಬಂದದ್ದು ಪರವಾಗಿಲ್ಲ.

ಆ ಶೀಟು ಮನೆಗಳು ನಿಜವಾಗಿಯೂ ಹಳಿಯ ಪಕ್ಕ ಇವೆ, ಮೂರನೆಯದು ನಮ್ಮದೆಂದು ಸಂಘದಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಹೇಳಿಲ್ಲ. “ನಜರ್‌ಬಾದ್ ಕಡೆ” ಎಂದು ಹೇಳಿದ್ದೇನೆ. ಸಂಘದ ಹಿರಿಯರು ವೆಂಕಟಸುಬ್ಬಯ್ಯನವರು ಸ್ಕೂಟರಿನಲ್ಲಿ ಬಿಡುತ್ತೇನೆಂದರೆ ನಜರ್‌ಬಾದಿನಲ್ಲೇ ಇಳಿದು, ಅವರು ಕಣ್ಣಿಗೆ ಮರೆಯಾಗುವ ತನಕ ನಿಂತು, ಆಮೇಲೆ ನಡೆದುಕೊಂಡು ಬರುತ್ತೇನೆ. ಇದು ಭಯವಲ್ಲ. ಎಚ್ಚರಿಕೆ.

ಜನವರಿ 13, ಮಂಗಳವಾರ

ನಾನು ದೇವರಾಜ ಮೊಹಲ್ಲಾದ ನಮ್ಮ ರಿಪೇರಿ ಅಂಗಡಿಯಲ್ಲಿ ಯಾರದೋ ಮೊಬೈಲು ಬಿಚ್ಚಿಕೊಂಡು ಕೂತಿದ್ದಾಗ ಟೇಪು ಹಿಡಿದ ಇಬ್ಬರು ನಮ್ಮ ಸಾಲಿಗೆ ಬಂದಿದ್ದರು. ಯಾರ ಕಡೆಯವರೆಂದು ಹೇಳಲಿಲ್ಲವಂತೆ. ಹಳಿಯಿಂದ ಹೊಸ್ತಿಲವರೆಗೆ ಅಳೆದು, ಪ್ರತಿ ಬಾಗಿಲ ಮೇಲೂ ಕೆಂಪು ಬಣ್ಣದಲ್ಲಿ ಒಂದು ಗುಣಾಕಾರ ಚಿಹ್ನೆ ಹಾಕಿ ಹೋಗಿದ್ದಾರೆ.

ಅವ್ವ ಗೋಕುಲಂನಲ್ಲಿ ಯೋಗ ಕಲಿಯಲು ಬಂದವರ ಮನೆಯಲ್ಲಿ ನೆಲ ಒರೆಸಿ ಅರ್ಧ ದಿನಕ್ಕೆ ಬಂದವಳು ಕಣ್ಣಾರೆ ನೋಡಿದ್ದಾಳೆ.

“ಯಾಕಣ್ಣಾ ಬರೀತೀರಾ ಅಂದೆ ಕಣೇ. ಗಣರಾಜ್ಯೋತ್ಸವ ಕಳೀಲಿ, ಆಮೇಕೆ ಬತ್ತೀವಿ ಅಂದ್ರು. ಬಂದು ಏನ್ಮಾಡ್ತೀರಾ ಅಂದ್ರೆ ನಕ್ಕಂಡು ಹೊಂಟೋದ್ರು.”

“ಹೆಸರು ಕೇಳಬೇಕಿತ್ತು ಅವ್ವ. ಗುರುತಿನ ಚೀಟಿ ಕೇಳಬೇಕಿತ್ತು. ನಮಗೆ ಹಕ್ಕಿದೆ.”

“ನೀನಿದ್ದಿದ್ರೆ ಕೇಳ್ತಿದ್ದಾ?”

ಅವ್ವ ಸೀಮೆಎಣ್ಣೆ ಹಾಕಿ ಉಜ್ಜಿದಳು. ಬಣ್ಣ ಹೋಗಲಿಲ್ಲ, ಬಾಗಿಲ ತುಂಬ ಹರಡಿತು. ಈಗ ಸಾಲಿನಲ್ಲೆಲ್ಲ ನಮ್ಮ ಬಾಗಿಲೇ ಹೆಚ್ಚು ಕೆಂಪು.

ಅಪ್ಪ ತಾವು ದುಡಿಯುವ ಗ್ರಂಧಿಗೆ ಅಂಗಡಿಯಿಂದ ಕರ್ಪೂರದ ವಾಸನೆ ಹೊತ್ತುಕೊಂಡು ಬಂದರು. ಬಾಗಿಲು ನೋಡಿದರು. “ನಮ್ಮಪ್ಪನ ಕಾಲದಿಂದ ಇದೀವಿ. ಯಾರೂ ಮುಟ್ಟಲ್ಲ ಬುಡು,” ಅಂದರು. ಅಷ್ಟು ಹೇಳಿದವರು ಶಿವಪೂಜೆಯ ಪೆಟ್ಟಿಗೆಯನ್ನು ಗೂಡಿನಿಂದ ತೆಗೆದು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಾರೆ, ಎದ್ದು ಓಡಬೇಕಾದರೆ ಕೈಗೆ ಸಿಗಲಿ ಎಂಬಂತೆ.

ಭಯವೆಂಬುದು ಮಧ್ಯಮವರ್ಗದ ದೌರ್ಬಲ್ಯ ಎಂದು ಒಂದು ಕಿರುಹೊತ್ತಗೆಯಲ್ಲಿ ಓದಿದ್ದೆ. ನಾವು ಮಧ್ಯಮವರ್ಗವಲ್ಲ. ಆದರೂ ಹೊರಗೆ ಸ್ಕೂಟರು ನಿಂತರೆ ನನ್ನ ಕೈ ತಣ್ಣಗಾಗುತ್ತದೆ.

ಜನವರಿ 15, ಗುರುವಾರ, ಸಂಕ್ರಾಂತಿ

ಬೆಳಿಗ್ಗೆ ವೆಂಕಟಸುಬ್ಬಯ್ಯನವರ ಹೆಂಡತಿ ನಾಗಮಣಿಯವರು ಫೋನು ಮಾಡಿದರು. “ಸಂಜೆ ನಿಮ್ಮನೆಗೆ ಎಳ್ಳು ಬೀರೋಕೆ ಬರ್ತೀನಿ ಕಣೇ, ವಿಳಾಸ ಹೇಳು.” ಊರಲ್ಲಿಲ್ಲ ಮೇಡಂ ಅಂದುಬಿಟ್ಟೆ.

ಮಧ್ಯಾಹ್ನ ಅಂಗಡಿಯ ಮುಂದೆ ಸ್ಕೂಟರು ನಿಂತಿತು. ರೇಷ್ಮೆ ಸೀರೆ, ಕೈಯಲ್ಲಿ ಎಳ್ಳಿನ ಡಬ್ಬ. “ಊರಲ್ಲಿಲ್ಲ ಅಂದ್ಯಲ್ಲ, ಇಲ್ಲಿ ಕೂತಿರೋದು ಯಾರು? ನಿನ್ನ ಅವಳಿನಾ?”

ನಾನು ಏನೋ ತೊದಲಿದೆ. ಅವರು ಕೆದಕಲಿಲ್ಲ. ಕೆದಕಿದ್ದರೆ ಚೆನ್ನಾಗಿತ್ತೇನೋ. ಗಂಡ ಹೆಂಡತಿ ಇಬ್ಬರೂ ಸೇರಿ ನನ್ನನ್ನು ಊಟಕ್ಕೆ ಎಳೆದುಕೊಂಡು ಹೋದರು.

ವೆಂಕಟಸುಬ್ಬಯ್ಯನವರು ನಿವೃತ್ತ ಭೌತಶಾಸ್ತ್ರದ ಮೇಷ್ಟರು. ರೈಲಿನ ಕಂಟ್ರೋಲರು ಕೆಟ್ಟಿದೆಯೆಂದು ನಮ್ಮ ಅಂಗಡಿಗೆ ತಂದು, ನಾನು ಬೆಸುಗೆ ಹಾಕುವುದನ್ನು ನೋಡಿ ಸಂಘಕ್ಕೆ ಸೇರಿಸಿದವರು ಅವರೇ. ಇವತ್ತು ಊಟದ ಮೇಜು ಒರೆಸಿ ಅದರ ಮೇಲೆ ಹಳಿ ಜೋಡಿಸಿ ತಮ್ಮ ಮೆಮುವನ್ನು, ಹತ್ತಿರದ ಊರುಗಳ ನಡುವೆ ಓಡುವ ಕರೆಂಟು ರೈಲಿನ ಮಾದರಿಯನ್ನು, ತೋರಿಸಿದರು. ನಾಲ್ಕು ಬೋಗಿ, ಎಲ್ಲ ಕೈಯಲ್ಲೇ ಕತ್ತರಿಸಿ ಕಟ್ಟಿದ್ದು. ಬಹಳ ವರ್ಷಗಳ ಕೆಲಸ. ಇನ್ನೂ ಜನರ ಮುಂದೆ ಓಡಿಸಿಲ್ಲ.

“ನೋಡಮ್ಮಾ, ಇದಕ್ಕೆ ಎಂಜಿನ್ ಅಂತ ಬೇರೆ ಇಲ್ಲ. ಮುಂದಿನ ಬೋಗೀಲೊಂದು ಮೋಟಾರು, ಹಿಂದಿನ ಬೋಗೀಲೊಂದು. ಒಂದು ಎಳೆಯತ್ತೆ, ಒಂದು ತಳ್ಳತ್ತೆ. ಸಂಸಾರ ಇದ್ದ ಹಾಗೆ.”

“ನಾನು ಎಳೀತೀನಿ, ಇವರು ತಳ್ಳಾಡ್ತಾರೆ,” ಅಂದರು ನಾಗಮಣಿಯವರು.

ಕಿಟಕಿಗಳಲ್ಲಿ ಕೂತ ಪ್ರಯಾಣಿಕರಿಗೆಲ್ಲ ಬಣ್ಣ ಬಳಿದವರು ಅವರು. ಒಬ್ಬೊಬ್ಬರೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವರು. ಕನ್ನಡಕದ ಕಡ್ಡಿಯಿಂದ ತೋರಿಸಿದರು: ಎರಡನೇ ಬೋಗಿ, ಕಿಟಕಿಯ ಪಕ್ಕ, ಕತ್ತರಿಸಿದ ಕೂದಲು, ನೀಲಿ ವೇಲು. “ಯಾರು ಹೇಳು?”

ನಾನು. ನನ್ನನ್ನು ರೈಲಿನಲ್ಲಿ ಕೂರಿಸಿದ್ದಾರೆ.

ಇಂಥ ಪ್ರೀತಿಯೇ ಹೋರಾಟದ ಅಂಚನ್ನು ಮೊಂಡು ಮಾಡುತ್ತದೆ. ಇದನ್ನು ನೆನಪಿಡಬೇಕು. ಭಾನುವಾರ ಇವರೂ ಲಕ್ಷ್ಮೀನರಸಿಂಹ ಅವರ ಮಹಡಿಯಲ್ಲಿದ್ದರು, ಹುಲ್ಲು ನೋಡಿದರು, ಸುಮ್ಮನಿದ್ದರು.

ಎಳ್ಳನ್ನು ಅವ್ವನಿಗೆ ಕೊಟ್ಟೆ. “ಯಾರೇ ಕೊಟ್ಟಿದ್ದು? ನಾವೂ ತಿರುಗಿ ಕೊಡ್ಬೇಕಲ್ಲ?” ಅಂದಳು.

ಜನವರಿ 18, ಭಾನುವಾರ

ನಿರ್ಧಾರ ಆಗಿದೆ.

ನನ್ನ ಬೋರ್ಡಿನ ಹಳಿಗೆ ಕರೆಂಟು ಬರುವ ತಂತಿಯನ್ನು ಕತ್ತರಿಸಿ, ನಡುವೆ ಒಂದು ಸ್ವಿಚ್ಚು ಬೆಸೆದಿದ್ದೇನೆ. ಬೋರ್ಡಿನ ಅಡಿಯಲ್ಲಿ, ಮೊಣಕಾಲಿನ ಹತ್ತಿರ. ಯಾರಿಗೂ ಕಾಣುವುದಿಲ್ಲ. ಉದ್ಘಾಟನೆಯ ದಿನ ಆ ಅಪಾರ್ಟ್‌ಮೆಂಟಿನವರು ಕಂಟ್ರೋಲರು ತಿರುಗಿಸುತ್ತಾರೆ, ಲಕ್ಷ್ಮೀನರಸಿಂಹ ಅವರ ಕೆಂಪು ಡೀಸೆಲ್ ಎಂಜಿನಿನ ರೈಲು ಹೊರಡುತ್ತದೆ. ನನ್ನ ತಿರುವಿಗೆ ಬಂದಾಗ ಸ್ವಿಚ್ಚು ಒತ್ತುತ್ತೇನೆ. ಮನೆಗಳಿದ್ದ ಜಾಗದಲ್ಲೇ ರೈಲು ನಿಲ್ಲುತ್ತದೆ. ಎಷ್ಟು ತಿರುಗಿಸಿದರೂ ಅಲ್ಲಾಡುವುದಿಲ್ಲ. ಇದು ಮುಷ್ಕರ. ಜನ ಯಾಕೆ ಎಂದು ಕೇಳುತ್ತಾರೆ. ಆಗ ಕರಪತ್ರ.

ಕರಪತ್ರವನ್ನು ನಿನ್ನೆ ಜೆರಾಕ್ಸ್ ಮಾಡಿಸಿದೆ. “ಪ್ರಜ್ಞಾವಂತ ನಾಗರಿಕರೇ! ಹಳಿಗಳ ಬದಿಯ ದುಡಿಯುವ ಜನತೆಯನ್ನು ನಕ್ಷೆಯಿಂದಲೂ ಕಣ್ಣಿನಿಂದಲೂ ಅಳಿಸುವ ಬಂಡವಾಳದ ಹುನ್ನಾರವನ್ನು ಬಯಲಿಗೆಳೆಯಿರಿ!” ಕೆಳಗೆ ಹೆಸರು ಹಾಕಿಲ್ಲ. ವಿಚಾರ ಮುಖ್ಯ, ವ್ಯಕ್ತಿಯಲ್ಲ.

ಇವತ್ತು ಗೋಕುಲಂನಲ್ಲಿ ಅಭ್ಯಾಸದ ಓಟ. ಕೆಂಪು ಎಂಜಿನ್ ಬಂದಾಗ ಒಮ್ಮೆ ಒತ್ತಿ ನೋಡಿದೆ. ಏನೋ ನೆನಪಾದವರ ಹಾಗೆ ಮೆಲ್ಲಗೆ ನಿಂತಿತು. ಬಿಟ್ಟೆ, ಹೊರಟಿತು. ಯಾರಿಗೂ ಗೊತ್ತಾಗಲಿಲ್ಲ.

“ಅಡಿಯಲ್ಲಿ ಏನಮ್ಮಾ ಮಾಡ್ತಿದೀಯಾ?” ವೆಂಕಟಸುಬ್ಬಯ್ಯನವರು ಬಗ್ಗಿ ಕೇಳಿದರು.

“ಒಂದು ವೈರು ಲೂಸಾಗಿತ್ತು ಸಾರ್.”

“ಭೇಷ್. ನೀನೊಬ್ಬಳು ನೋಡ್ತೀಯಾ, ಉಳಿದೋರು ಬರೀ ಓಡಿಸ್ತಾರೆ.”

ಮನೆಗೆ ಬಂದ ಮೇಲೂ ಆ ಭೇಷ್ ಕಿವಿಯಲ್ಲಿದೆ.

ಜನವರಿ 21, ಬುಧವಾರ

ಟೇಪಿನವರು ಇವತ್ತು ಬರಲಿಲ್ಲ. ಬಂದರೆಂದು ಯಾರೋ ಕೂಗಿದರು, ಸಾಲೆಲ್ಲ ಹೊರಗೆ ನಿಂತಿತು. ಗ್ಯಾಸಿನವನು.

ಅವ್ವ ನಗಲು ಹೋಗಿ ಅತ್ತಳು.

ಜನವರಿ 23, ಶುಕ್ರವಾರ

ನಜರ್‌ಬಾದಿನ ಛತ್ರದಲ್ಲಿ ಬೋರ್ಡುಗಳನ್ನು ಜೋಡಿಸಿದೆವು. ನಾಳೆ ಹನ್ನೊಂದು ಗಂಟೆಗೆ ಉದ್ಘಾಟನೆ, ಮೂರು ದಿನದ ಪ್ರದರ್ಶನ. ಶೂ ಡಬ್ಬವನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ, ಯಾಕೋ ಗೊತ್ತಿಲ್ಲ.

ಜನವರಿ 24, ಶನಿವಾರ

ಬರೆಯಲು ಆಗುತ್ತಿಲ್ಲ. ಆದರೂ ಬರೆಯಬೇಕು.

ಅತಿಥಿ ಬಂದರು, ಹಾರ ಹಾಕಿಸಿಕೊಂಡರು. ನಾನು ನನ್ನ ಬೋರ್ಡಿನ ಹಿಂದೆ, ಕೈ ಅಡಿಯಲ್ಲಿ. ಲಕ್ಷ್ಮೀನರಸಿಂಹ ಅವರು ಮೈಕಿನಲ್ಲಿ, “ಮೊದಲ ಓಟದ ಗೌರವವನ್ನು ನಮ್ಮ ಹಿರಿಯರಾದ ವೆಂಕಟಸುಬ್ಬಯ್ಯನವರಿಗೆ ಬಿಟ್ಟುಕೊಡುತ್ತಿದ್ದೇನೆ. ಅವರ ಹೊಸ ಮೆಮು ಇವತ್ತು ಮೊದಲ ಬಾರಿಗೆ ನಿಮ್ಮ ಮುಂದೆ,” ಅಂದರು. ಅತಿಥಿ ಕಂಟ್ರೋಲರನ್ನು ಮುಟ್ಟಿ ವೆಂಕಟಸುಬ್ಬಯ್ಯನವರ ಕೈಗೇ ಕೊಟ್ಟರು. ಚಪ್ಪಾಳೆ.

ನಾನು ಆಗಲೇ ಕೈ ತೆಗೆಯಬೇಕಿತ್ತು. ತೆಗೆಯಬೇಕೆಂದು ಅನ್ನಿಸಿತು ಕೂಡ. ಆದರೆ ಇವತ್ತು ಮಾಡದಿದ್ದರೆ ಎಂದೂ ಮಾಡುವುದಿಲ್ಲ ಎಂದು ಇನ್ನೊಂದು ಭಯ. ಮೆಮು ಹಸಿರು ಹುಲ್ಲಿನ ಪಕ್ಕ ಬಂತು. ಒತ್ತಿದೆ.

ಎಂಜಿನ್ ಒಂದೇ ಕಡೆ ಇರುವ ರೈಲಾದರೆ ಎಂಜಿನ್ ಸತ್ತರೆ ಎಲ್ಲವೂ ನಿಲ್ಲುತ್ತದೆ. ನಾನು ಪರೀಕ್ಷಿಸಿದ್ದು ಅದನ್ನೇ. ಮೆಮುವಿನ ಮುಂದಿನ ಬೋಗಿ ನನ್ನ ಬೋರ್ಡಿನ ಮೇಲೆ ಸತ್ತು ನಿಂತಿತು. ಹಿಂದಿನ ಬೋಗಿ ಇನ್ನೂ ಪಕ್ಕದವರ ಬೋರ್ಡಿನಲ್ಲಿತ್ತು. ಅದಕ್ಕೆ ಕರೆಂಟು ಇತ್ತು, ಅದು ತಳ್ಳುತ್ತಲೇ ಇತ್ತು. ಒಂದು ಎಳೆಯತ್ತೆ, ಒಂದು ತಳ್ಳತ್ತೆ. ಅವರು ಹೇಳಿದ್ದರು. ಊಟದ ಮೇಜಿನ ಮೇಲೆ ತೋರಿಸಿಯೂ ಇದ್ದರು.

ತಿರುವಿನಲ್ಲಿ ನಡುವಿನ ಎರಡು ಬೋಗಿಗಳು ಮಡಚಿಕೊಂಡು ಎದ್ದವು. ಬಿಳಿ ಕಾಂಪೌಂಡನ್ನು ಮುರಿದುಕೊಂಡು ಹೊರಗೆ ವಾಲಿದವು. ನಾನು ಸ್ವಿಚ್ಚು ಬಿಟ್ಟೆ. ಅದು ಇನ್ನೂ ದೊಡ್ಡ ತಪ್ಪು: ಮುಂದಿನ ಬೋಗಿಗೆ ಜೀವ ಬಂದು ಎಳೆಯಿತು. ಮೂರು ಬೋಗಿ ಗ್ರಾನೈಟ್ ನೆಲಕ್ಕೆ ಬಿದ್ದವು. ಹಬ್ಬದ ದಿನ ಸ್ಟೀಲಿನ ಲೋಟ ಬಿದ್ದ ಹಾಗಿನ ಸಣ್ಣ ಸದ್ದು. ಛತ್ರದಲ್ಲಿದ್ದವರೆಲ್ಲ ಒಟ್ಟಿಗೆ ಅಯ್ಯೋ ಅಂದರು.

ವೆಂಕಟಸುಬ್ಬಯ್ಯನವರು ಮೊಣಕಾಲೂರಿ ಕೂತು ಹೆಕ್ಕತೊಡಗಿದರು. ಲಕ್ಷ್ಮೀನರಸಿಂಹ ಅವರು ಓಡಿ ಬಂದು, “ಏನಾಯ್ತು ಸಾರ್? ವೈರಿಂಗಾ?” ಅಂದರು.

“ಇಲ್ಲಪ್ಪ. ರಕ್ಷಿತಾ ಮೊನ್ನೆ ತಾನೇ ನೋಡಿದಾಳೆ, ವೈರಿಂಗ್ ಸರಿಯಾಗಿದೆ. ನಂದೇ ತಪ್ಪು. ತಿರುವಲ್ಲಿ ಜಾಸ್ತಿ ಸ್ಪೀಡು ಕೊಟ್ಬಿಟ್ಟೆ ಅಂತ ಕಾಣತ್ತೆ.”

ನಾನು ಅಲ್ಲೇ ನಿಂತಿದ್ದೆ. ನನ್ನ ಹೆಸರು ಹೇಳಿದರು, ನಂಬಿಕೆಯಿಂದ ಹೇಳಿದರು. ಕರಪತ್ರಗಳು ಬ್ಯಾಗಿನಲ್ಲೇ ಇದ್ದವು. ಯಾರೂ ಯಾಕೆ ಎಂದು ಕೇಳಲಿಲ್ಲ. ಕೆಂಪು ಎಂಜಿನ್ ಬಂತು, ಓಡಿತು, ಜನ ಚಪ್ಪಾಳೆ ತಟ್ಟಿದರು.

ಜನವರಿ 25, ಭಾನುವಾರ

ವೆಂಕಟಸುಬ್ಬಯ್ಯನವರನ್ನು ರೈಲು ಓಡಿಸುವವರ ಪಾಳಿಯಿಂದ ತೆಗೆದಿದ್ದಾರೆ.

“ಸಾರ್, ಇವತ್ತು ನೀವು ಆರಾಮಾಗಿ ಕೂತು ನೋಡಿ,” ಅಂತ ಲಕ್ಷ್ಮೀನರಸಿಂಹ ಅವರು ಒಂದು ಕುರ್ಚಿ ಹಾಕಿಸಿದರು. ಆಮೇಲೆ ನಮ್ಮ ಹತ್ತಿರ ಬಂದು ಮೆತ್ತಗೆ, “ವಯಸ್ಸಾಯ್ತು ಕಣ್ರೀ. ಕೈ ಮೊದಲಿನ ಹಾಗಿಲ್ಲ. ನಾವಾಗೇ ಹೇಳಿದ್ರೆ ಬೇಜಾರು ಮಾಡ್ಕೋತಾರೆ,” ಅಂದರು. ಹೀಯಾಳಿಸಿ ಹೇಳಲಿಲ್ಲ, ಕಾಳಜಿಯಿಂದಲೇ ಹೇಳಿದರು.

ವೆಂಕಟಸುಬ್ಬಯ್ಯನವರು ಕುರ್ಚಿಯಲ್ಲಿ ಕೂತು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಹಿಂದೆ ಮುಂದೆ ತಿರುಗಿಸಿ, ಬೆರಳು ಚಾಚಿ, ನಡುಗುತ್ತದೆಯೇ ಎಂದು ನೋಡುವ ಹಾಗೆ. ನಡುಗುತ್ತಿರಲಿಲ್ಲ.

ನಾಗಮಣಿಯವರು ನೆಲದ ಮೂಲೆಗಳಲ್ಲೆಲ್ಲ ಹುಡುಕಿ ಪ್ರಯಾಣಿಕರನ್ನು ಕುಂಕುಮದ ಭರಣಿಗೆ ತುಂಬಿಕೊಂಡಿದ್ದಾರೆ. “ನೀನೊಬ್ಬಳು ಸಿಕ್ಕಿಲ್ಲ ಕಣೇ. ಕಸದಲ್ಲಿ ಗುಡಿಸಿಬಿಟ್ರೋ ಏನೋ,” ಅಂದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಮೇಡಂ, ಕಾಫಿ ತರ್ಲಾ?” ಅಂದೆ.

ನನಗೆ ಯಾರ ಭಯ? ಸಂಘದಿಂದ ತೆಗೆದರೆ ತೆಗೆಯಲಿ. ಈ ಗಂಡ ಹೆಂಡತಿ ನನ್ನನ್ನು ನೋಡುವ ರೀತಿ ಬದಲಾಗುತ್ತದಲ್ಲ, ಅದರ ಭಯ. ಇದಕ್ಕೆ ಯಾವ ಕಿರುಹೊತ್ತಗೆಯಲ್ಲೂ ಹೆಸರಿಲ್ಲ. ಹುಡುಕಿದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಎಲ್ಲವನ್ನೂ. ಅವ್ವ ಬೇಳೆ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

“ಎಳ್ಳು ಕೊಟ್ರಲ್ಲ, ಆಯಮ್ಮನ ಗಂಡನಾ?”

“ಹೂಂ.”

“ಅಯ್ಯೋ ಮುಂಡೇದೇ. ಆ ಕಾರ್ಯದರ್ಶಿ ಕಿತ್ರೆ ಆ ಕಾರ್ಯದರ್ಶೀನ ಕೇಳ್ಬೇಕಪ್ಪ. ಈ ಮುದುಕಪ್ಪ ಏನ್ಮಾಡಿದ್ರು?”

“ಅವರೂ ಸುಮ್ಮನಿದ್ದರು ಅವ್ವ.”

“ನೀನು ಏನಂದೆ ಆವತ್ತು?”

ಪರವಾಗಿಲ್ಲ ಅಂದಿದ್ದೆ. ಅವ್ವನಿಗೆ ಅದನ್ನೂ ಹೇಳಿದೆ. ಅವಳು, “ನಾಳೆ ನಂಗೂ ರಜಾ. ಬತ್ತೀನಿ, ನೋಡ್ತೀನಿ ಅದೇನ್ ರೈಲೋ,” ಅಂದಳು.

“ಬೇಡ ಅವ್ವ.”

“ಯಾಕೆ, ನಾ ಬಂದ್ರೆ ನಿನ್ ಮಾನ ಹೋಯ್ತದಾ?”

ನಾನು ಮೊರ ಎಳೆದುಕೊಂಡು ಬೇಳೆ ಆರಿಸತೊಡಗಿದೆ. ಇಲ್ಲ ಅನ್ನಬೇಕಿತ್ತು.

ಜನವರಿ 26, ಸೋಮವಾರ

ಛತ್ರದ ತುಂಬ ಬಿಳಿ ಸಮವಸ್ತ್ರದ ಮಕ್ಕಳು, ಜೇಬಿಗೆ ಸಿಕ್ಕಿಸಿದ ಬಾವುಟ. ವೆಂಕಟಸುಬ್ಬಯ್ಯನವರು ಅದೇ ಕುರ್ಚಿಯಲ್ಲಿದ್ದರು. ಹೇಗೆ ಅವರವರೆಗೆ ನಡೆದೆನೋ ಗೊತ್ತಿಲ್ಲ.

“ಸಾರ್, ಒಂದು ನಿಮಿಷ ನನ್ನ ಬೋರ್ಡಿನ ಹತ್ತಿರ ಬನ್ನಿ.”

ಬಂದರು. ಅವರ ಕೈ ಹಿಡಿದು ಬೋರ್ಡಿನ ಅಡಿಗೆ ಒಯ್ದೆ. ಅವರ ಬೆರಳು ಸ್ವಿಚ್ಚನ್ನು ಮುಟ್ಟಿತು, ತಂತಿಯನ್ನು ಸವರಿತು, ಬೆಸುಗೆಯನ್ನು ಸವರಿತು. ಒಂದು ಸಲ ಒತ್ತಿತು. ನಮ್ಮ ಎದುರಿಗೆ ಓಡುತ್ತಿದ್ದ ಗೂಡ್ಸ್ ರೈಲು ಮೆಲ್ಲಗೆ ನಿಂತಿತು. ಬಿಟ್ಟರು, ಹೊರಟಿತು.

ಬಲಗೈಯನ್ನು ಹೊರಗೆ ತೆಗೆದು ನೋಡಿಕೊಂಡರು. ಆಮೇಲೆ, “ನನ್ನ ಕೈ ಅಲ್ಲ,” ಅಂದರು.

“ಅಲ್ಲ ಸಾರ್.”

“ಎರಡು ರಾತ್ರಿ ನಿದ್ದೆ ಮಾಡಿಲ್ಲ ನಾನು.”

“ಸಾರ್, ಎಂಜಿನ್ ರೈಲು ಅಂದ್ಕೊಂಡಿದ್ದೆ. ನಿಮ್ಮದು ಬರುತ್ತೆ ಅಂತ...”

“ಬಂದ ಮೇಲೂ ಒತ್ತಿದೆ.”

“ಹೂಂ.”

“ಯಾಕೆ?”

ಕರಪತ್ರದ ಮಾತುಗಳು ಎಲ್ಲಾ ನೆನಪಿದ್ದವು. ಒಂದೂ ಬಾಯಿಗೆ ಬರಲಿಲ್ಲ. “ಇಲ್ಲಿ ಮನೆಗಳಿದ್ವಲ್ಲ ಸಾರ್, ಅದರಲ್ಲಿ ಒಂದು ನಮ್ದು. ನಿಜವಾಗಲೂ ನಮ್ದು. ನಾವು ಅಲ್ಲೇ ಇರೋದು. ಬಾಗಿಲಿಗೆ ಕೆಂಪು ಗುರುತು ಹಾಕಿದಾರೆ. ನಂಗೆ ತುಂಬಾ ಭಯ ಆಗ್ತಿದೆ.”

ಅವರು ಹುಲ್ಲನ್ನು ನೋಡಿದರು. ನನ್ನನ್ನು ನೋಡಲಿಲ್ಲ. “ನಂಗೆ ಕೋಪ ಬಂದಿದೆ ಕಣಮ್ಮಾ. ಈಗ ಮಾತಾಡಲ್ಲ,” ಎಂದು ಹೊರಗೆ ನಡೆದುಬಿಟ್ಟರು.

ನಾನು ನೆಟ್ಟಗೆ ಲಕ್ಷ್ಮೀನರಸಿಂಹ ಅವರ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ, ಸಾರ್ ತಪ್ಪು ಮಾಡಿಲ್ಲ, ನಾನು ಸ್ವಿಚ್ಚು ಹಾಕಿದ್ದೆ ಅಂದೆ. ಧ್ವನಿ ಕೀರಲಾಗಿತ್ತು. ಅವರ ಮುಖ ಕೆಂಪಾಯಿತು.

“ಅತಿಥಿಗಳ ಮುಂದೆ ಮಾನ ಕಳೆದ್ಯಲ್ಲಮ್ಮಾ! ನಿನ್ನ ಬೋರ್ಡು ತಗೊಂಡು ಈಗಲೇ, ಈ ಕ್ಷಣ ಹೊರಡು!”

ಸದಸ್ಯರೆಲ್ಲ ತಿರುಗಿ ನನ್ನ ಬೋರ್ಡನ್ನು ನೋಡಿದರು. ತಿರುವಿನ ಬೋರ್ಡು ಹೋದರೆ ಹಳಿ ಕೂಡುವುದಿಲ್ಲ. ಯಾವ ರೈಲೂ ಓಡುವುದಿಲ್ಲ. ಅದು ಲಕ್ಷ್ಮೀನರಸಿಂಹ ಅವರಿಗೂ ಬೈದ ಮೇಲೆ ಹೊಳೆಯಿತು. ಒಂದು ವಾರದಿಂದ ನಾನು ಬೇಕೆಂದಿದ್ದ ಮುಷ್ಕರವನ್ನು ಅವರೇ ನನ್ನ ಕೈಗೆ ಕೊಟ್ಟಿದ್ದರು. ನಾಲ್ಕು ಬೋಲ್ಟು ಬಿಚ್ಚಿದರೆ ಸಾಕಿತ್ತು. ಮಕ್ಕಳು ಹಗ್ಗದ ಆಚೆ ಕುತ್ತಿಗೆ ಚಾಚಿ ನಿಂತಿದ್ದರು.

“ಮಕ್ಕಳು ಬಂದಿದಾರೆ ಸಾರ್. ಸಂಜೆವರೆಗೂ ಇರಲಿ,” ಅಂದೆ. “ಆದ್ರೆ ಇದು ನನ್ನ ಬೋರ್ಡು.”

ಬ್ಯಾಗಿನಿಂದ ಶೂ ಡಬ್ಬ ತೆಗೆದೆ. ಅವರು ಡಬ್ಬ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಕಟ್ಟುಪಾಡು ಅವರಿಗೂ ಗೊತ್ತಿತ್ತು. ಎಲ್ಲರೂ ನೋಡುತ್ತಿದ್ದಂತೆ ಸ್ಕ್ರೂಡ್ರೈವರಿನಿಂದ ಹುಲ್ಲು ಕೆರೆದೆ. ಮೊದಲ ಮನೆ ನಿಲ್ಲದೆ ಎರಡು ಸಲ ಬಿತ್ತು. ಯಾರೋ ಪಕ್ಕದಲ್ಲಿ ಬಂದು ಅಂಟಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದರು. ನಾಗಮಣಿಯವರು. ನನ್ನ ಕಡೆ ನೋಡಲಿಲ್ಲ, ಬಾಟಲಿ ಹಿಡಿದುಕೊಂಡೇ ಇದ್ದರು.

“ಇದು ಯಾರ ಮನೆ ಅಕ್ಕಾ?” ಒಂದು ಹುಡುಗಿ ಕೇಳಿದಳು.

“ನಮ್ಮದು.”

“ಸುಳ್ಳು.”

“ಸುಳ್ಳಲ್ಲ ಕಣವ್ವ, ನಮ್ದೇಯ.” ಹಿಂದಿನಿಂದ ಅವ್ವನ ದನಿ. ಹಬ್ಬದ ಸೀರೆ ಉಟ್ಟು ಬಂದಿದ್ದಳು. ಹಗ್ಗದ ಮೇಲಿಂದ ಬಗ್ಗಿ ಬಹಳ ಹೊತ್ತು ನೋಡಿದಳು. ಗೇಟು, ಡ್ರಮ್ಮು, ತಂತಿ, ಬಾಗಿಲು.

“ಒಗೆಯೋ ಕಲ್ಲು ಎಲ್ಲೇ?”

ನಿಜ. ಅವ್ವ ದಿನಾ ಬೆಳಿಗ್ಗೆ ಬಗ್ಗಿ ನಿಲ್ಲುವ ಕಲ್ಲನ್ನು ನಾನು ಹಾಕಿಯೇ ಇರಲಿಲ್ಲ. ದುಡಿಯುವ ಜನತೆ ಎಂದು ಅಷ್ಟು ಸಲ ಬರೆದಿದ್ದೆ.

“ಎಷ್ಟು ದೊಡ್ಡದಮ್ಮಾ ಆ ಕಲ್ಲು?” ವೆಂಕಟಸುಬ್ಬಯ್ಯನವರು ಬಾಗಿಲ ಕಡೆಯಿಂದ ಬಂದು ನಿಂತಿದ್ದರು. ಯಾವಾಗ ಬಂದರೋ.

ಅವ್ವ ಎರಡು ಕೈ ಅಗಲಿಸಿ ತೋರಿಸಿದಳು. “ಇಷ್ಟು. ಅಲ್ಲ, ಇಷ್ಟು.”

“ಹೀಗೆ ಕೈಯಲ್ಲಿ ತೋರಿಸಿದ್ರೆ ಮಾಡೋಕಾಗಲ್ಲ. ಬಂದು ಅಳತೆ ತಗೋಬೇಕು.”

ಅವ್ವನ ಮುಖ ಸಣ್ಣಗಾಯಿತು. “ಬನ್ನಿ ಬುದ್ದೀ, ಬರ್ಬೇಡಿ ಅನ್ನಲ್ಲ. ಆದ್ರೆ ಟೇಪು ಹಿಡ್ಕಂಡು ಬರ್ಬೇಡಿ. ನಮ್ ಸಾಲು ಹೆದರ್ಕತದೆ.”

ಅವರು ಅವ್ವನನ್ನೂ ನನ್ನನ್ನೂ ನೋಡಿದರು. ಇಂದು ಬೆಳಿಗ್ಗೆಯಿಂದ ಮೊದಲ ಸಲ ನನ್ನನ್ನು ನೋಡಿದ್ದು. “ದಾರ ತರ್ತೀನಮ್ಮ. ದಾರದಲ್ಲಿ ಗಂಟು ಹಾಕ್ಕೊಂಡು ಅಳೀತೀನಿ. ಮನೆಗೆ ಬಂದು ಸ್ಕೇಲಲ್ಲಿ ಲೆಕ್ಕ ಹಾಕಿದ್ರಾಯ್ತು.” ನನಗೆ ಬೇರೆ ದನಿಯಲ್ಲಿ, “ಕೋಪ ಹೋಗಿಲ್ಲ. ಬೋಗಿಗಳನ್ನ ನೀನೇ ರಿಪೇರಿ ಮಾಡ್ತೀಯಾ, ನಾನು ಪಕ್ಕದಲ್ಲಿ ಕೂತು ಬೈತೀನಿ,” ಅಂದರು.

“ರಥಸಪ್ತಮಿ ನಿನ್ನೆಗೇ ಆಗಿಹೋಯ್ತು. ಆದ್ರೂ ಎಳ್ಳು ತರ್ತೀನಿ,” ಅಂದರು ನಾಗಮಣಿಯವರು ಅವ್ವನಿಗೆ. “ಈ ಸಲ ಊರಲ್ಲಿರ್ತೀರಾ ತಾನೇ?”

ವಿಳಾಸ ಬರೆದುಕೊಡಲು ಬೇರೆ ಕಾಗದ ಸಿಗಲಿಲ್ಲ. ಬ್ಯಾಗಿನಿಂದ ಒಂದು ಕರಪತ್ರ ತೆಗೆದು ಹಿಂಬದಿಯಲ್ಲಿ ಬರೆದೆ, ಕೆಳಗೆ ನನ್ನ ಹೆಸರು ಹಾಕಿದೆ. ಲಕ್ಷ್ಮೀನರಸಿಂಹ ಅವರು ದೂರ ನಿಂತು ನೋಡುತ್ತಿದ್ದರು. ಸಂಘದಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಸಂಜೆಯವರೆಗೆ ರೈಲುಗಳು ನಮ್ಮ ಬಾಗಿಲ ಮುಂದೆ ಹಾದುಹೋದವು. ಕೊನೆಯ ಸರದಿಯ ರೈಲನ್ನು ವೆಂಕಟಸುಬ್ಬಯ್ಯನವರು ಓಡಿಸಿದರು.

ಮನೆಗೆ ಅವ್ವ ಮತ್ತು ನಾನು ಒಟ್ಟಿಗೆ ನಡೆದು ಬಂದೆವು. ಗಣರಾಜ್ಯೋತ್ಸವ ಮುಗಿಯಿತು. ಟೇಪಿನವರು ನಾಳೆಯೇ ಬರಬಹುದು. ಬಂದರೆ ಹೆಸರು ಕೇಳುತ್ತೇನೆ ಅಂದೆ. “ಇಬ್ರೂ ಕೇಳಣ,” ಅಂದಳು ಅವ್ವ. ಭಯ ಹಾಗೇ ಇದೆ. ಇದನ್ನು ಬರೆಯುವಾಗಲೂ ಹೊರಗೆ ಒಂದು ಸ್ಕೂಟರು ಹೋಯಿತು, ಕೈ ತಣ್ಣಗಾಯಿತು.

ಅಪ್ಪ ನಾಳೆ ಅಂಗಡಿಯಿಂದ ಸಕ್ಕರೆ ಅಚ್ಚು ತರುತ್ತಾರಂತೆ, ನಾಗಮಣಿಯವರಿಗೆ ತಿರುಗಿ ಕೊಡಲು.

ಕರಪತ್ರದ ಹಿಂದೆ ಬರೆದುಕೊಟ್ಟದ್ದು ಇಷ್ಟು: ಭಾನುವಾರ, ಫೆಬ್ರವರಿ ಒಂದು, ಬೆಳಿಗ್ಗೆ ಹತ್ತು ಗಂಟೆ. ಗೇಟು ದಾಟಿದ ಮೇಲೆ ಎಡಗಡೆ, ಮೂರನೇ ಬಾಗಿಲು, ಎಲ್ಲಕ್ಕಿಂತ ಹೆಚ್ಚು ಕೆಂಪಗಿರುವುದು.